ಮೂರು ಕಲ್ಲಿನ ಮುಂದಿನ ಮಾತು

ನಾ ಮನಿ ಮನಿ ತಿರುಗಿ ಮಂದಿ ಎಣಿಸಿ ಬರದ ಖಾನೇಸುಮಾರಿ ಕಾಗದ ಹುನಗುಂದದ ಕಚೇರಿಯಿಂದ ಹೊಳ್ಳಿ ನನ್ನ ಕೈಗೆ ಬಂದಾಗ ಅದರಾಗ ಒಂದೇ ಒಂದು ಮನಿ ಹೆಸರಿಗೆ ಕೆಂಪು ಮಸೀಲೆ ಗೀಟು ಹಾಕಿದ್ರು. ಮಾತೃಭಾಷೆ ಅನ್ನೂ ಕಲಮಿನಾಗ ನಾ 'ಗುಡ್ಡದ ಮಾತು' ಅಂತ ಬರದಿದ್ದೆ. ಅದರ ಬಾಜೂಕ ಶಿರಸ್ತೇದಾರರು, 'ಗುಡ್ಡ ಮಾತಾಡುವುದಿಲ್ಲ. ಮಾಸ್ತರರು ಮನುಷ್ಯರನ್ನು ಕೇಳಿ ಬರೆಯತಕ್ಕದ್ದು' ಅಂತ ಷರಾ ಹೊಡದಿದ್ರು.

ನನ್ನ ಸಿಟ್ಟು ಮೂಗಿನ ತುದಿಮ್ಯಾಲೆ ಐತಿ ಅಂತ ಇಲಕಲ್ಲಿನ ಕನ್ನಡ ಸಾಲಿ ಹುಡುಗರಿಗೆಲ್ಲಾ ಗೊತ್ತು. ಅವತ್ತ ಚಕ್ಕಡಿ ಹತ್ತಿ ಹುನಗುಂದಕ್ಕ ಹೋದೆ. ಜಗಳಾಡಬೇಕು ಅಂತನ ಹೋಗಿದ್ದೆ. ಶಿರಸ್ತೇದಾರರು ನನ್ನ ಮಾತು ಪೂರಾ ಕೇಳಿ, ಮೆಲ್ಲಕ ಒಂದು ಕಟ್ಟು ಫಾರಮ್ಮು ನನ್ನ ಮುಂದ ಸರಿಸಿದ್ರು.

"ಹೆಸರು ಗೊತ್ತಿಲ್ಲದ ಮಾತು ಸಿಕ್ಕರ ಇದನ್ನ ತುಂಬಬೇಕಂತ ಮ್ಯಾಲಿಂದ ಹುಕುಂ ಐತ್ರಿ ಮಾಸ್ತರ. ಎಡಕ ಕನ್ನಡ ಶಬ್ದ ಅದಾವು, ಬಲಕ ಅವರ ಮಾತು ಬರೀರಿ. ದೊಡ್ಡ ಸಾಹೇಬ್ರು ಬಾಗಲಕೋಟ್ಯಾಗ ಮುಕ್ಕಾಂ ಮಾಡ್ತಾರ. ಬರೂ ಹುಣ್ಣಿವಿಯೊಳಗ ಮುಟ್ಟಬೇಕು."

"ಒಬ್ಬ ಮುದುಕನ ಸಲುವಾಗಿ ಇಷ್ಟು ಕಾಗದನ?"

"ಒಬ್ಬ ಆಡಿದ್ರೂ ಮಾತು ಮಾತ ಅಲ್ಲೇನ್ರಿ?" ಅಂದ್ರು. ಕಟ್ಟು ಬಗಲಾಗ ಹಿಡಕೊಂಡು ಬಂದ ಚಕ್ಕಡಿಲೇ ತಿರುಗಿ ಬಂದೆ.

ಆ ಮುದುಕ ಇಲಕಲ್ಲಿನ ಒಬ್ಬ ನೂಲಿನ ವ್ಯಾಪಾರಸ್ಥರ ಗೋದಾಮಿಗೆ ಹಗಲ ಪಹರೆದವ. ಊರ ಮಂದಿ ಗುಡ್ಡದಜ್ಜ ಅಂತಿದ್ರು. ಗಿಡ್ಡ ಆಳು, ಚಪ್ಪಟಿ ಮೂಗು, ಸಣ್ಣ ಕಣ್ಣು, ಗದ್ದಕ್ಕ ಎಣಿಸಿದಂಗ ಹತ್ತು ಕೂದಲ. ಹರೇದಾಗ ಹಿಮಾಲಯದ ತನ್ನ ಊರು ಬಿಟ್ಟು, ದಾರ್ಜಿಲಿಂಗ ಕಡೆ ರೈಲು ಹಾಕೂ ಮುಂದ ಒಬ್ಬ ಇಂಜಿನಿಯರ ಸಾಹೇಬನ ಕೈಯಾಗ ಅಳತಿ ಸರಪಳಿ ಹಿಡಿಯೂ ಕೆಲಸಕ್ಕ ಸೇರಿದ್ನಂತ. ಆ ಸಾಹೇಬನ್ನ ನಮ್ಮ ಬಾದಾಮಿ ಲೈನಿಗೆ ಹಾಕಿದಾಗ ಇಂವನೂ ಹೆಂಡ್ತಿ ಕರಕೊಂಡು ಬೆನ್ನು ಹತ್ತಿ ಬಂದ. ಲೈನ್ ಮುಗೀತು, ಸಾಹೇಬ ಹೋದ, ಇಂವ ಉಳದ. ಬಾದಾಮ್ಯಾಗ ಒಬ್ಬಾಕಿ ಮಗಳು ಹುಟ್ಟಿದ್ಳು. ಇಲಕಲ್ಲಿಗೆ ಬಂದ ಮ್ಯಾಲೆ ಹೆಂಡ್ತಿ ತೀರಿಕೊಂಡ್ಳು. ಮಗಳನ್ನ ಬಾಜೂ ಮನಿ, ನೂಲಿಗೆ ಬಣ್ಣ ಹಾಕೂ ಬಣ್ಣಗಾರ ಮುಸಲ್ಮಾನರ ಅಮ್ಮ ತನ್ನ ಮಕ್ಕಳ ಜೋಡಿ ಬೆಳಿಸಿದ್ಳು. ಆ ಮಗಳು ನನ್ನ ಸಾಲ್ಯಾಗ ಮೂರು ಇಯತ್ತೆ ಕಲಿತು, ಈಗ ಇಪ್ಪತ್ತರ ಹೆಣಮಗಳಾಗಿ ಮಗ್ಗದವರಿಗೆ ಲಾಳಿಯೊಳಗಿನ ನೂಲಿನ ಕಂಡಿಕಿ ಸುತ್ತಿ ಕೊಡತಿದ್ಳು. ಆಕಿ ಬಾಯಾಗಿನ ಕನ್ನಡ ಅಪ್ಪಟ ಇಲಕಲ್ಲಿಂದು.

ಸಾಲಿ ಬಿಟ್ಟ ಮ್ಯಾಲೆ ಪಡಸಾಲ್ಯಾಗ ಕುರ್ಚಿ ಮೇಜು ಹಾಕಿಸಿ ಅಜ್ಜನ್ನ ಕರಿಸಿದೆ. ಸಾಹೇಬ ಕೊಟ್ಟಿದ್ದ ಹಿತ್ತಾಳಿ ಗುಂಡಿ ಕೋಟು ತೊಟ್ಟು ಬಂದ. ಎದುರಿನ ಮಣಿಮ್ಯಾಲೆ ನೆಟ್ಟಗ ಕುಂತ.

"ನೀರು?" ಅಂದೆ.

"ಪಾನಿ, ಹುಜೂರ್."

"ಬೆಂಕಿ?"

"ಆಗೋ."

"ಮನಿ?"

"ಘರ್."

ಎಪ್ಪಾ, ಎಷ್ಟು ಸುಸೂತ್ರ ಕೆಲಸ ಇದು ಅನಿಸ್ತು. ನಾಕು ದಿನ ಕುಂತೆವು. ನನ್ನ ಅಕ್ಷರ ಮುತ್ತು ಪೋಣಿಸಿದಂಗ ಅಂತ ಊರಾಗ ಹೆಸರು. ಹಂಗ ಚೆಂದಾಗಿ ಬರದೆ. ಪಾನಿ, ಘರ್ ಅಂತ ನಮ್ಮ ಮುಸಲ್ಮಾನರ ಓಣ್ಯಾಗೂ ಅಂತಾರಲ್ಲ ಅಂತ ಒಂದು ಗುಮಾನಿ ಬಂತು, ಖರೆ. ಹಾದ್ಯಾಗ ಒಂದೀಟು ಕಲಿತಿರಬೇಕು ಬಿಡು ಅಂತ ಸುಮ್ಮನಾದೆ. ನಾಕನೇ ದಿನ ಮಗಳು ಅಪ್ಪಗ ರೊಟ್ಟಿ ತಂದಾಕಿ ಕಂಬಕ್ಕ ಆತು ನಿಂತು ಕೇಳಿದ್ಳು. ಕೇಳಿ, ಸೆರಗು ಬಾಯಿಗೆ ಹಿಡಕೊಂಡು ನಕ್ಕಳು.

"ಯಾಕವ್ವ, ಏನಾತು ನಗಾಕ?"

"ಮಾಸ್ತರ, ಇದು ಅಪ್ಪ ಸಾಹೇಬ್ರ ಮುಂದ ಆಡೂ ಮಾತ್ರಿ. ಅವರ ನಾಡಿನ ರಾಜನ ಮಂದಿ ಮಾತು. ಇವರ ಮನಿ ಮಾತ ಬ್ಯಾರೆ ಐತಿ."

ಬರಿಯೂ ಲೆಕ್ಕಣಿಕಿ ಮೇಜಿನ ಮ್ಯಾಲೆ ಒಗದೆ. "ಏನಜ್ಜಾ! ನಾಕು ದಿನ ನನ್ನ ಕೈ ಮುರಿಸಿದ್ಯಲ್ಲ! ಮೊದಲ ಹೇಳಾಕ ಏನಾಗಿತ್ತು?"

ಅಜ್ಜ ಅಳುಕಲಿಲ್ಲ. "ನೀವು ಕುರ್ಚಿಮ್ಯಾಲೆ ಕುಂತು ಕೇಳಿದ್ರಿ. ಕುರ್ಚಿ ಮುಂದ ಆಡೂ ಮಾತು ಹೇಳಿದೆ. ಮನಿ ಮಾತು ಕಲ್ಲಿನ ಮುಂದ ಆಡೂ ಮಾತು. ಕಚೇರಿಗೆ ಬರೂದಿಲ್ರಿ ಅದು." ಇಷ್ಟು ಹೇಳಿ ಸಲಾಂ ಹೊಡದು, ರೊಟ್ಟಿ ಗಂಟು ತಗೊಂಡು ಹೋಗೇ ಬಿಟ್ಟ. ನನ್ನ ನಾಕು ದಿನದ ದುಡಿಮಿ ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆತು.

ಮನಿಗೆ ಬಂದು ನಮ್ಮಾಕಿ ಮುಂದ ಹಾರಾಡಿದೆ. ಆಕಿ ಜ್ವಾಳ ಹಸನ ಮಾಡಕೋತ ಕೇಳಿದ್ಳು. "ಅಡಗಿಮನ್ಯಾಗ ಆಡೂ ಮಾತು ಕಟ್ಟಿಮ್ಯಾಲೆ ಕುಂತು ಆಡು ಅಂದ್ರ ನಾನೂ ಆಡೂದಿಲ್ಲ," ಅಂದ್ಳು. "ನೀವು ಸಿಟ್ಟು ಇಳಿಸ್ರಿ. ನಾ ಹೋಗಿ ಅವರ ಮನಿ ನೋಡಿ ಬರ್ತೇನಿ."

ಹೋಗಿ ಬಂದಾಕಿ ಮಾರಿ ಸಣ್ಣದಾಗಿತ್ತು. "ಏನ್ರೀ, ಇಪ್ಪತ್ತು ವರ್ಷ ಆತು ಈ ಕಡೆ ಬಂದು. ಇನ್ನೂ ಮೂರು ಕಲ್ಲಿಟ್ಟು ಅಡಗಿ ಮಾಡ್ತಾರಲ್ರಿ! ತಾಯಿಲ್ಲದ ಹುಡುಗಿಗೆ ಒಂದು ಒಲಿ ಹಾಕಿಕೊಡಬೇಕು ಅಂತ ಊರಾಗ ಒಬ್ಬರಿಗೂ ತಿಳೀಲಿಲ್ಲೇನು?"

ನಮ್ಮ ಕಡೆ ಮೂರು ಕಲ್ಲಿನ ಒಲಿ ಅಂದ್ರ ಕುರಿ ಕಾಯೂವರು, ದಾರಿ ನಡಿಯೂವರು ಬೈಲಾಗ ಹೂಡೂ ಒಲಿ. ಉಂಡು ಎದ್ದರ ಕಲ್ಲು ಅಲ್ಲೇ, ಮಂದಿ ಮುಂದ. ನೆಲಿ ನಿಂತ ಮನಿಗೆ ಮಣ್ಣಿನ ಒಲಿ ಬೇಕು, ಬಗಲಾಗ ಒಂದು ಕೋಡೊಲಿ ಬೇಕು. ಒಲಿ ಹಾಕೂದ್ರಾಗ ನಮ್ಮಾಕಿ ಕೈ ಹಿಡಿಯೂವರು ಓಣ್ಯಾಗ ಯಾರೂ ಇರಲಿಲ್ಲ. ಹೊಸಾ ಮನಿ ಹೂಡಿದವರು ಎಲಿಅಡಿಕಿ ಇಟ್ಟು ಕರೀತಿದ್ರು.

ಕೆರಿ ಮಣ್ಣು ನಾ ಹೊತ್ತು ತಂದೆ. ಅದಕ್ಕ ಕುದರಿ ಲದ್ದಿ, ಜ್ವಾಳದ ಹೊಟ್ಟು ಕಲಿಸಿ, ಒಂದು ದಿನ ನೆನಿಸಿ, ಕಾಲಲೆ ತುಳದು ಹದಾ ಮಾಡಿದ್ಳು. ಹಿತ್ತಲ ನೆಳ್ಳಾಗ ಐದು ದಿನ ಆರಾಕ ಬಿಟ್ಟು, ಸೀಳಿದಲ್ಲೆಲ್ಲಾ ತೊಯ್ಸಿದ ಕೈ ಆಡಿಸಿದ್ಳು. ಆಕಿ ಮಾಡಿದ್ದು ಕಕ್ಕುಲಾತಿಗೆ. ನಾ ಮಣ್ಣು ಹೊತ್ತಿದ್ದು ಮುದುಕ ಖುಷಿಯಾದ್ರ ಬಾಯಿ ಬಿಟ್ಟಾನು ಅನ್ನೂ ಆಸೆಕ್ಕ. ಒಲಿ ಆರೂದ್ರಾಗ ಹುಣ್ಣಿವಿಗೆ ಐದು ದಿನ ಅಷ್ಟ ಉಳದಿತ್ತು.

ಸೋಮವಾರ ಅಪ್ಪ ಗೋದಾಮಿಗೆ, ಮಗಳು ಕಂಡಿಕಿ ಕೊಡಾಕ ಹೋದಾಗ ಇಬ್ಬರೂ ಸೇರಿ ಒಲಿ ಒಯ್ದೆವು. ಬಾಗಿಲಿಗೆ ಬರೇ ಚಿಲಕ. ಒಳಗ ಮೂರು ಕಲ್ಲು ಇದ್ದವು. ಒಂದು ಬೂದಿ ಬಣ್ಣದ್ದು, ಹೊಳಿ ಕಲ್ಲು, ನುಣ್ಣಗ. ಒಂದು ಬಾದಾಮಿ ಗುಡ್ಡದ ಕೆಂಪು ಕಲ್ಲು, ಬೆಂಕಿಗೆ ಒಂದು ಚಕ್ಕಿ ಎದ್ದಿತ್ತು. ಇನ್ನೊಂದು ನಮ್ಮ ಇಲಕಲ್ಲಿನ ಗಟ್ಟಿ ಕಲ್ಲು. ನಾನ ಒಂದೊಂದಾಗಿ ಎತ್ತಿ ಹೊರಗ ಒಯ್ದು ಗ್ವಾಡಿ ಬಾಜೂಕ ಒಗದೆ. ನಮ್ಮಾಕಿ ನೆಲಾ ಸಾರಿಸಿ, ಒಲಿ ಕುಂದ್ರಿಸಿ, ವಿಭೂತಿ ಹಚ್ಚಿ, ನಾಕು ಹೂ ಇಟ್ಟಳು. ಅವರು ಬರೂದನ್ನ ಕಾಯಕೋತ ಬಾಗಿಲಾಗ ನಿಂತೆವು, ಲಗ್ನದ ಬೀಗರನ್ನ ಕಾದಂಗ.

ದೀಪ ಹಚ್ಚೂ ಹೊತ್ತಿಗೆ ಅಪ್ಪ ಮಗಳು ಕೂಡಿ ಬಂದ್ರು. "ಹ್ಯಾಂಗೈತ್ರಿ ಅಜ್ಜಾ?" ಅಂದ್ಳು ನಮ್ಮಾಕಿ. ಅಜ್ಜ ಒಳಗ ಹೋಗಿ ಮೊಣಕಾಲೂರಿ, ಹೊಸಾ ಒಲಿ ಸುತ್ತಲ ನೆಲದ ಮ್ಯಾಲೆ ಅಂಗೈ ಆಡಿಸಿದ. ಎದ್ದು ಹೊರಗ ಬಂದ. ನನ್ನ ಮಾರಿ ನೋಡಕೋತ ಮಾತಾಡಾಕ ಸುರು ಮಾಡಿದ.

ಆ ಮಾತು! ಕನ್ನಡ ಅಲ್ಲ, ಹಿಂದೂಸ್ತಾನಿ ಅಲ್ಲ, ಕುರ್ಚಿ ಮುಂದ ಹೇಳಿದ್ದೂ ಅಲ್ಲ. ಗಂಟಲಾಗ ತಟಕ್ಕನ ನಿಲ್ಲತಿತ್ತು, ಮತ್ತ ಹರೀತಿತ್ತು. ಒದರಲಿಲ್ಲ ಅಂವ, ಬೈದಂಗೂ ಇರಲಿಲ್ಲ, ಯಾರದೋ ಪರವಾಗಿ ನನ್ನ ಕೇಳಿದಂಗ ಇತ್ತು. ನಾ ಎಂಥಾ ಖೋಡಿ ನೋಡ್ರಿ, ಅಂಥಾ ಹೊತ್ತಿನ್ಯಾಗೂ ನನ್ನ ಕೈ ಕಿಸೆದಾಗಿನ ಪೆನ್ಸಿಲಿಗೆ ಹೋತು.

"ಮಾಸ್ತರ, ಅದನ್ನ ಒಳಗ ಇಡ್ರಿ," ಅಂದ್ಳು ಮಗಳು.

ನನ್ನ ಕಡೆ ಕಲಿತವರು ಯಾರೂ ಆವರೆಗೂ ನನಗ ಹಂಗ ಹೇಳಿರಲಿಲ್ಲ. ಪೆನ್ಸಿಲ್ ಒಳಗ ಇಟ್ಟೆ.

ಅಜ್ಜ ಗ್ವಾಡಿಗೆ ಮಾರಿ ಮಾಡಿ ಕುಂತ ಮ್ಯಾಲೆ ಆಕಿ ಬಿಡಿಸಿ ಹೇಳಿದ್ಳು. "ಅವರ ಮಂದಿಯೊಳಗ ಹಿರೇರು ಆ ಕಲ್ಲಾಗ ಇರ್ತಾರಂತ್ರಿ. ಬೂದಿ ಕಲ್ಲು ನಮ್ಮವ್ವ ಅಲ್ಲಿಂದ ಬೆನ್ನಿನ ಬುಟ್ಟ್ಯಾಗ ಹೊತ್ತು ತಂದಿದ್ದು. ಕೆಂಪು ಕಲ್ಲು ನಾ ಹುಟ್ಟಿದಾಗ ಬಾದಾಮ್ಯಾಗ ಆರಿಸಿದ್ದು. ಮೂರನೇದು ಈ ಊರಿಂದು. ಎತ್ತಬೇಕಾದ್ರ ಅವರಿಗೆ ಹೇಳಿ ಎತ್ತಬೇಕು. ಹೇಳದ ಎತ್ತಿದ್ರ ಮತ್ತ ಹೂಡೂತನಕ ಒಲಿ ಹಚ್ಚಂಗಿಲ್ಲ. ಅಪ್ಪ ಉಣ್ಣಂಗಿಲ್ಲ."

ನಮ್ಮಾಕಿ ಹೊಸ್ತಿಲದ ಮ್ಯಾಲೆ ಕುಸದು ಕುಂತು ಅತ್ತಳು. ನಾ ಗ್ವಾಡಿ ಬಾಜೂಕ ಓಡಿದೆ. ಕೆಂಪು ಕಲ್ಲಿತ್ತು, ಇಲಕಲ್ಲಿನ ಕಲ್ಲಿತ್ತು. ಬೂದಿ ಕಲ್ಲು ಇರಲಿಲ್ಲ.

ಎರಡು ದಿನ ಸಾಲಿಗೆ ಸೂಟಿ ಕೊಟ್ಟು ಓಣಿ ಓಣಿ ತಿರುಗಿದೆ. "ಒಂದು ಕಲ್ಲು ನೋಡಿರೇನ್ರಿ, ಬೂದಿ ಬಣ್ಣದ್ದು, ಇಷ್ಟ ದೊಡ್ಡದು?" ಮಗ್ಗದ ಕುಣ್ಯಾಗ ಕುಂತವರು ಲಾಳಿ ನಿಂದ್ರಿಸಿ ನನ್ನ ಮಾರಿ ನೋಡತಿದ್ರು. ಕಲ್ಲು ಕಡಿಯೂವರ ಕಡೆ ಹೋದ್ರ ಒಬ್ಬಂವ ಸುತ್ತಲೂ ಕೈ ತೋರಿಸಿ, "ಇಲಕಲ್ಲಾಗ ಕಲ್ಲಿಗೇನು ಬರಾ ಬಿದ್ದೈತೇನ್ರಿ ಮಾಸ್ತರ? ಬೇಕಾದ್ದು ತಗೊಂಡು ಹೋಗ್ರಿ," ಅಂದ. ಎಲ್ಲಾರೂ ನಕ್ಕರು. ಬ್ಯಾರೆ ಹೊತ್ತಿನ್ಯಾಗ ಆಗಿದ್ರ ಅವನ ಏಳು ತಲಿ ಜಾಲಾಡತಿದ್ದೆ. ಅವತ್ತು ತಲಿ ತಗ್ಗಿಸಿ ಬಂದೆ.

ಅಜ್ಜ ಬರೇ ನೀರು ಕುಡದು ಪಹರೆಕ್ಕ ಹೋಗಿ ಬರತಿದ್ದ. ಬಣ್ಣಗಾರರ ಮನಿ ಬಾಗಿಲಿಗೆ ಚಿಲಕ ಇತ್ತು. ಆ ಅಮ್ಮ ತನ್ನ ಮಗಳ ಬಾಣಂತನ ನೋಡಾಕ ಹುನಗುಂದಕ್ಕ ಹೋಗಿದ್ಳು. ಬುಧವಾರ ಮಧ್ಯಾಹ್ನ ಬಂದ್ಳು. ಸುದ್ದಿ ಕೇಳಿದಾಕಿ ಹಣಿ ಹಣಿ ಬಡಕೋತ ತನ್ನ ಹಿತ್ತಲಕ್ಕ ಓಡಿದ್ಳು. ಸೋಮವಾರ ಹೋಗೂ ಅವಸರದಾಗ ನೀಲಿ ಬಣ್ಣದ ಬಾನ್ಯಾಗ ಅದ್ದಿದ ನೂಲು ಮ್ಯಾಲೆ ತೇಲಬಾರದು ಅಂತ, ಗ್ವಾಡಿ ಬಾಜೂಕ ಬಿದ್ದಿದ್ದ ನುಣ್ಣನ ಕಲ್ಲು ಒಯ್ದು ಹೇರಿದ್ಳಂತ.

"ಯಾ ಅಲ್ಲಾ, ಎಂಥಾ ಕೆಲಸ ಮಾಡಿದೆ ನಾ!" ಅಂತ ಸೆರಗಿನಾಗ ಕಲ್ಲು ಹಿಡಕೊಂಡು ಬಂದ್ಳು. ಬೂದಿ ಕಲ್ಲು ಕಡು ನೀಲಿ ಆಗಿತ್ತು.

ಅಜ್ಜ ಎರಡೂ ಕೈಯಾಗ ಇಸಕೊಂಡ. ಹೆಬ್ಬಟ್ಟಿಲೆ ತಿಕ್ಕಿದ, ಬಣ್ಣ ಹೋಗಲಿಲ್ಲ. ಉಗುಳು ಹಚ್ಚಿ ತಿಕ್ಕಿದ, ಹೋಗಲಿಲ್ಲ. ಅಂವ ಮೆಲ್ಲಕ ನಕ್ಕ.

"ನಮ್ಮಾಕಿಗೆ ನೀಲಿ ಸೀರಿ ಭಾಳ ಸೇರತಿತ್ರಿ," ಅಂದ. "ಉಡಸಾಕ ಆಗಿರಲಿಲ್ಲ ನನಗ."

ಬಣ್ಣಗಾರರ ಅಮ್ಮ ಅಳಾಕ ಸುರು ಮಾಡಿದಾಕಿ ನಿಲ್ಲಿಸಲೇ ಇಲ್ಲ.

ಎತ್ತಿದವರ ಕೈಲೇ ಹೂಡಬೇಕು ಅಂದ ಅಜ್ಜ. ಹಸಿಶುಂಠಿ ಬೇಕು, ಧಾನ್ಯದಿಂದ ಇಳಿಸಿದ ಸೆರೆ ಬೇಕು ಅಂದ. ನಾವು ಲಿಂಗವಂತರು, ಸೆರೆ ಹೆಸರು ಕೇಳಿದ್ರ ಕೈ ತೊಳಕೊಳ್ಳೂವರು. ನಮ್ಮಾಕಿ ಒಂದು ಗಳಿಗಿ ಕುಂತು ಯೋಚನಿ ಮಾಡಿ, "ಅಜ್ಜಾ, ಜ್ವಾಳದ ಅಂಬಲಿ ಚಲೋತ್ನಂಗ ಹುಳಿ ಬರಿಸಿದ್ರ ನಿಮ್ಮ ಹಿರೇರಿಗೆ ನಡೀತದೇನ್ರಿ?" ಅಂದ್ಳು. ಅಜ್ಜ ಕಲ್ಲಿನ ಕಡೆ ನೋಡಿ, "ಇಪ್ಪತ್ತು ವರ್ಷ ಈ ಕಡೆ ಉಂಡಾರ, ನಡೀತದ," ಅಂದ. ಪುಣ್ಯಾಕ್ಕ ಮನ್ಯಾಗ ಹಿಂದಿನ ದಿನದ ಅಂಬಲಿ ಇತ್ತು.

ನಮ್ಮಾಕಿ ಮಾಡಿದ ಒಲಿ ಅಂಗಳಕ್ಕ ಬಂತು. ಬೂದಿ ಕಲ್ಲು, ಅಂದ್ರ ಈಗಿನ ನೀಲಿ ಕಲ್ಲು, ನಮ್ಮಾಕಿ ಇಟ್ಟಳು. ಉಳದೆರಡು ನಾ ಇಟ್ಟೆ. ಅಜ್ಜ ಶುಂಠಿ ಕೊಯ್ದು ಇಟ್ಟು, ಅಂಬಲಿ ಹನಿಸಿ, ಕೋಲು ಹಿಡಕೊಂಡು ಕುಂತು ಹೇಳಾಕ ಹತ್ತಿದ. ಮಾತಲ್ಲ, ಹಾಡೂ ಅಲ್ಲ, ಒಂದ ಸ್ವರದಾಗ ನಡಿಯೂವಂಥಾದ್ದು. ನನಗ ಏನೂ ತಿಳೀಲಿಲ್ಲ. ಅಷ್ಟರಾಗ ಅದರೊಳಗ 'ಇಲಕಲ್ಲ' ಅಂತ ಕೇಳಿಸ್ತು. ಕಿವಿ ನಿಗುರಿದವು. ಒಂದೀಟು ಆದಮ್ಯಾಲೆ 'ಹುನಗುಂದ' ಬಂತು. ಆಮ್ಯಾಲೆ ಅಮೀನಗಡ, ಗುಳೇದಗುಡ್ಡ, ಬಾದಾಮಿ, ಬಾಗಲಕೋಟಿ, ಘಟಪ್ರಭಾ, ಕೃಷ್ಣಾ. ಗೊತ್ತಿಲ್ಲದ ಮಾತಿನ ನಡುವ ನಮ್ಮ ಊರು ಒಂದೊಂದಾಗಿ ಹಾದು ಹೋದವು. ವಿಜಾಪುರ ದಾಟಿತು, ಸೊಲ್ಲಾಪುರ ದಾಟಿತು. ಗಂಗಾ, ದಾರ್ಜಿಲಿಂಗ, ಅರುಣ ಅನ್ನೂ ಹೊಳಿ, ಕಡೀಕ ದೂಧಕೋಸಿ. ಅಲ್ಲಿ ಒಂದು ಗಳಿಗಿ ನಿಂತು, ಅದೇ ಹೆಸರು ಹಿಂದು ಮುಂದು ಮಾಡಿ ಹೇಳಕೋತ ಇಲಕಲ್ಲಿಗೆ ತಿರುಗಿ ಬಂದ. ಕಣ್ಣು ತೆಗದು, ಬೆಂಕಿ ಹಚ್ಚವ್ವಾ ಅಂತ ಮಗಳಿಗೆ ಹೇಳಿದ.

ಉಂಡ ಮ್ಯಾಲೆ ಅಜ್ಜನ ಬಾಯಿ ತಾನ ಬಿಚ್ಚಿತು. "ನಾವು ಥುಲುಂಗ ಮಂದಿ. ದೂಧಕೋಸಿ ದಂಡಿಗೆ ನಾಕಾರು ಊರು ಅಷ್ಟ. ಹೊಳಿ ದಾಟಿದ್ರ ಮಾತು ಬ್ಯಾರೆ ಆಗತದ. ಕಲ್ಲು ಹೂಡಿದಾಗ ಹಿರೇರನ್ನ ಕರಿಯೂದು ಈಗ ಹೇಳಿದ ದಾರೀಲೆ. ಸತ್ತವರೂ ಅದ ದಾರೀಲೆ ಹಿರೇರ ಕಡೆ ಹೋಗಬೇಕು. ಒಬ್ಬರೇ ಹೋದ್ರ ದಾರಿ ತಪ್ಪತಾರ. ಅಲ್ಲಿ ಪೂಜಾರಿ ಒಂದೊಂದ ಊರು ಹೇಳಿ ಕಳಸ್ತಾನ. ನಮ್ಮಾಕಿ ಸತ್ತಾಗ ಇಲ್ಲಿಂದ ದಾರಿ ಯಾರಿಗೆ ಗೊತ್ತಿತ್ತು? ನಾನ ಕೂಡಿಸಿದೆ, ನಾನ ಹೇಳಿ ಕಳಿಸಿದೆ. ನಾ ಸತ್ತರ ನನಗ ಹೇಳೂವರು ಯಾರ್ರಿ?"

"ಮಗಳಿಗೆ ಕಲಸಬೇಕಿತ್ತಲ್ಲ ಅಜ್ಜಾ."

"ಬಾಳೂದು ಇಲ್ಲಿ, ಇಲ್ಲೀ ಮಾತು ಕಲೀಲಿ ಅಂತ ಬಿಟ್ಟೆ. ಸಣ್ಣಾಕಿದ್ದಾಗ ಓಣಿ ಹುಡುಗೂರು ನಗತಿದ್ರು. ತಪ್ಪಾತು." ನನ್ನ ಕಡೆ ತಿರುಗಿ ಕೇಳಿದ, "ಮಾಸ್ತರ, ನಿಮ್ಮ ಅಕ್ಷರದಾಗ ನಮ್ಮ ದಾರಿ ಹಿಡಿತದೇನ್ರಿ? ಇಕಿ ಓದತಾಳ."

ಶುಕ್ರವಾರ ಹುಣ್ಣಿವಿ ಇತ್ತು. ಶಬ್ದದ ಪಟ್ಟಿ ಮಾಡಾಕ ಒಂದು ದಿನ ಸಾಕಾಗತಿತ್ತು, ಅಜ್ಜ ಈಗ ಬ್ಯಾಡ ಅಂತಿರಲಿಲ್ಲ. ಖರೆ ಕೇಳಾಕ ನನ್ನ ಬಾಯಿ ಬರಲಿಲ್ಲ. ಅವನ ಕಲ್ಲು ಬೀದಿಗೆ ಒಗದಂವ ನಾ. ನಮ್ಮಾಕಿ ನನ್ನ ಮಾರಿ 'ಏನು ಮಾಡ್ತೀರಿ' ಅನ್ನೂವಂಗ ನೋಡಿದ್ಳು. ನಾ ಫಾರಮ್ಮಿನ ಕಟ್ಟು ತಗೊಂಡು ಬೋರಲ ಹಾಕಿದೆ. ಹಿಂದಿನ ಬದಿ ಖಾಲಿ ಇತ್ತು. ಅಲ್ಲಿ ಮೊದಲನೇ ಸಾಲು ಬರದೆ.

ಆ ಕೆಲಸ ಹೇಳಿದಷ್ಟು ಸರಳ ಇರಲಿಲ್ಲ. ಅವನ ಕಟ್ಟಳಿ ಪ್ರಕಾರ ದಾರಿ ಹೇಳೂದನ್ನ ನಡುವ ನಿಲ್ಲಸಬಾರದು. ನಿಲ್ಲಿಸಿದ್ರ ಆ ದಾರಿ ನಡದವರ ಜೀವ, ಹೇಳೂವಂದಾಗಲಿ ಸತ್ತವರದಾಗಲಿ, ಆ ಊರಾಗ ಸಿಗಬೀಳತದಂತ. ಕಡೀತನಕ ಹೋಗಬೇಕು, ಹೋದಮ್ಯಾಲೆ ಜೀವಂತ ಇದ್ದಂವ ಹೆಸರು ಹೇಳಕೋತ ತಿರುಗಿ ಮನಿಗೆ ಬರಬೇಕು. ಸತ್ತವರನ್ನ ಕಳಸೂ ಮುಂದ ಮಾತ್ರ ನಡಿಯೂವರು ಅವರ, ಅದಕ್ಕ ತಿರುಗಿ ಹೇಳೂದು ಇಲ್ಲ. ನಾ ಒಂದು ಸಾಲು ಬರಿಯೂದ್ರಾಗ ಅಂವ ನಾಕು ಸಾಲು ದಾಟಿರತಿದ್ದ. ಅದಕ್ಕ ಒಂದು ಉಪಾಯ ಹೂಡಿದೆ. ಒಂದೊಂದು ಸಲಕ್ಕ ಎರಡ ಊರಿನ ನಡುವಿನ ಮಾತು ಮಾತ್ರ ಹಿಡಿಯೂದು, ಉಳದದ್ದು ಸುಮ್ಮನ ಕೇಳೂದು. ದಿನಾ ಒಂದ ಸಲ, ಸಾಲಿ ಬಿಟ್ಟಮ್ಯಾಲೆ. ನಮ್ಮ ಅಕ್ಷರಕ್ಕ ಸಿಗದ ಸಪ್ಪಳಿಗೆ ಮ್ಯಾಲೆ ಚುಕ್ಕಿ, ಗಂಟಲಾಗ ನಿಲ್ಲೂದಕ್ಕ ಅಡ್ಡಗೀಟು. ಬರದದ್ದು ಮಗಳು ಓದತಿದ್ಳು. ತಪ್ಪಿದ್ರ ಅಜ್ಜ ಕೋಲಿಲೆ ನೆಲಕ್ಕ ಟಕ್ ಅಂತ ಬಡೀತಿದ್ದ. ಮೊದಲನೇ ವಾರ ಬಡಿಯೂದ ಬಡಿಯೂದು. ಸಾಲ್ಯಾಗ ನಾ ಕೋಲು ಹಿಡದು ಕುಂದ್ರಾಂವ, ಇಲ್ಲಿ ನನಗ ಟಕ್, ಟಕ್!

ಒಂದಿನ ನನ್ನ ಭೂಗೋಳದ ಜಂಬ ತಡೀಲಿಲ್ಲ. "ಅಜ್ಜಾ, ಹುನಗುಂದದಿಂದ ಸೀದಾ ಬಾಗಲಕೋಟಿಗೆ ಹೋಗೂದು ಬಿಟ್ಟು ಗುಳೇದಗುಡ್ಡ, ಬಾದಾಮಿ ಅಂತ ಯಾಕ ಸುತ್ತು ಹಾಕ್ತಿ? ಸತ್ತವಗ ಕಾಲು ನೋಯೂದಿಲ್ಲೇನು?"

"ಟಕ್!" ಅಂತ ಬಡದ. "ಬಂದ ದಾರೀಲೆ ಹೋಗಬೇಕ್ರಿ. ಬಾದಾಮ್ಯಾಗ ಇಕಿ ಹುಟ್ಟಿದ್ಳು. ಗುಳೇದಗುಡ್ಡದಾಗ ನಮ್ಮಾಕಿ ಕುಬಸದ ಒಂದು ಖಣ ಆರಿಸಾಕ ಅರ್ಧ ದಿನ ನಿಂದ್ರಿಸಿದ್ಳು. ಅಲ್ಲಿ ನಿಂತ ಹೋಗಬೇಕು."

ಹೌದ, ಗುಳೇದಗುಡ್ಡ ಬಂದಾಗ ಅಂವ ಪ್ರತಿಸಲ ಎರಡು ಉಸಿರು ನಿಲ್ಲತಿದ್ದ. ನಾ ಮರತು ಹೋಗ್ಯಾನ ಅಂತ ತಿಳಕೊಂಡಿದ್ದೆ. ಹಾಳ್ಯಾಗ ಅಲ್ಲಿ ಎರಡು ಬೆರಳು ಜಾಗಾ ಬಿಟ್ಟೆ.

ಹುಣ್ಣಿವಿ ಬಂತು, ಹೋತು. ಕಚೇರಿಯಿಂದ ಒಂದು ಕಾಗದ ಬಂತು, ಆಮ್ಯಾಲೆ ಇನ್ನೊಂದು, ಜರಾ ಬಿರುಸಿಂದು. ಅಜ್ಜಗೂ ಅದರ ಸುಳುವು ಹತ್ತಿರಬೇಕು. ಒಂದು ಸಂಜಿ ತಾನ ಹೇಳಿದ, "ಮಾಸ್ತರ, ಬರೀರಿ. ಕಲ್ಲು ಲುಂಗ್. ನೀರು ಕು. ಇವೆರಡು ಕಚೇರಿಗೆ ಕೊಡ್ತೇನಿ. ಉಳದದ್ದು ಇಕಿದು." ಉಳದ ಒಂದ ಫಾರಮ್ಮಿನಾಗ ಅವೆರಡು ಶಬ್ದ ಬರದೆ. ಮಾತೃಭಾಷೆ ಥುಲುಂಗ, ಆಡುವವರು ಒಬ್ಬರು, ಬಾಕಿ ಶಬ್ದಗಳು ಸದ್ಯ ಕೆಲಸದಲ್ಲಿವೆ, ಅಂತ ಷರಾ ಬರದು ಕಳಿಸಿದೆ. ನನಗೊಂದು ತಾಕೀತು ಬಂತು, ಆ ವರ್ಷದ ಬಡ್ತಿ ತಪ್ಪಿತು. ನಮ್ಮಾಕಿ, "ಮಾಡಿದ್ದುಣ್ಣೋ ಮಾರಾಯ," ಅಂತ ನಕ್ಕು ಇನ್ನೊಂದು ರೊಟ್ಟಿ ಹಾಕಿದ್ಳು.

ಮೂರು ತಿಂಗಳಿಗೆ ದಾರಿ ಮುಗೀತು. ಆಮ್ಯಾಲೆ ಅಮಾಸಿಗೊಮ್ಮೆ ಮಗಳು ಮೂರು ಕಲ್ಲಿನ ಮುಂದ ಕುಂತು ಪೂರಾ ಓದತಿದ್ಳು. ಹೋಗತಿದ್ಳು, ಹಾಳಿ ತಿರುವಿ ಬರತಿದ್ಳು. ಅರ್ಥ ಕೇಳಿದ್ರ ಅಜ್ಜ ಅಷ್ಟಿಷ್ಟು ಹೇಳತಿದ್ದ. ಟಕ್ ಅನ್ನೂದು ಕಡಿಮಿ ಆಗಕೋತ ಬಂತು. ಎರಡನೇ ವರ್ಷ ಒಂದ ಒಂದು ಜಾಗಾ ಉಳೀತು, ಅರುಣ ಹೊಳಿ ದಾಟಿದ ಮ್ಯಾಲಿನ ಏರು. ಅಲ್ಲಿ ಆಕಿ ಪ್ರತಿಸಲ ಎಡವತಿದ್ಳು, ಅಂವ ಪ್ರತಿಸಲ ಬಡೀತಿದ್ದ, ಇಬ್ಬರೂ ನಗತಿದ್ರು.

ಅಜ್ಜ ಸುಗ್ಗಿ ಕಾಲಕ್ಕ ತೀರಿಕೊಂಡ. ಜ್ವರಾ ಅಂತ ನಾಕ ದಿನ ಮಲಗಿದ್ದ. ಊರ ಮಂದಿ ಬಂದು ಮಣ್ಣು ಮಾಡಿ ಹೋದ್ರು. ಮಧ್ಯಾಹ್ನ ಮನ್ಯಾಗ ಮಗಳು, ನಾನು, ನಮ್ಮಾಕಿ, ಬಣ್ಣಗಾರರ ಅಮ್ಮ ಅಷ್ಟ ಉಳದೆವು. ಮೂರು ಕಲ್ಲಿನ ನಡುವ ಬೆಂಕಿ ಹಚ್ಚಿ, ಹುಳಿ ಅಂಬಲಿ ಹನಿಸಿ, ಆಕಿ ಹಾಳಿ ಬಿಚ್ಚಿದ್ಳು. ಒಂದು ಬದಿಗೆ ಸರಕಾರದ ಖಾಲಿ ಪಟ್ಟಿ, ಇನ್ನೊಂದು ಬದಿಗೆ ನನ್ನ ಅಕ್ಷರ. ಕೋಲು ಮೂಲ್ಯಾಗ ನಿಂತಿತ್ತು.

ಇಲಕಲ್ಲ ದಾಟಿದ್ಳು. ಹುನಗುಂದ, ಅಮೀನಗಡ ದಾಟಿದ್ಳು. ಗುಳೇದಗುಡ್ಡದಾಗ ಎರಡು ಉಸಿರು ನಿಂತಳು. ಮತ್ತ ಮುಂದ ನಡದ್ಳು. ಕೃಷ್ಣಾ ದಾಟಿತು, ಗಂಗಾ ದಾಟಿತು, ದಾರ್ಜಿಲಿಂಗ ದಾಟಿತು. ಅರುಣ ಹೊಳಿ ದಾಟಿ ಏರಿಗೆ ಬಂದಾಗ ಎಡವಿದ್ಳು. ಎಡವಿದಾಕಿ ರೂಢಿಲೆ ತಲಿ ಎತ್ತಿ ಮೂಲಿ ಕಡೆ ನೋಡಿದ್ಳು, ಬಾಯಿ ಕಟ್ಟಿತು.

"ಮಾಸ್ತರ, ನಾ ಅಂದದ್ದು ಬರೋಬ್ಬರಿ ಐತೇನ್ರಿ?" ಅಂತ ಕೇಳಿದ್ಳು. ಕಣ್ಣಾಗ ಹೆದರಿಕಿ ತುಂಬಿತ್ತು. ನಿಂತರ ಅಪ್ಪ ಅಲ್ಲೇ ಏರಿನ ಮ್ಯಾಲೆ ಸಿಗಬೀಳತಾನ.

ನನಗ ಏನು ಗೊತ್ತು? ಅದನ್ನ ತಿದ್ದೂವಂಥಾ ಒಬ್ಬ ಮನಿಶ್ಯಾನೂ ಈ ಸೀಮ್ಯಾಗ ಉಳದಿರಲಿಲ್ಲ.

"ತಪ್ಪಿದ್ರ ಬಡೀತಿದ್ದ," ಅಂದೆ. "ಬಡದಿಲ್ಲ. ಮುಂದ ಓದವ್ವಾ."

ಓದಿದ್ಳು. ಏರು ಹತ್ತಿದ್ಳು, ಇಳದ್ಳು, ದೂಧಕೋಸಿಗೆ ಮುಟ್ಟಿದ್ಳು. ಮುಟ್ಟಿ, ಎರಡು ವರ್ಷದ ರೂಢಿ ನೋಡ್ರಿ, ತಿರುಗಿ ಬರಾಕ ಹಾಳಿ ತಿರುವಾಕ ಹೋದ್ಳು. ನಮ್ಮಾಕಿ ಮುಂದ ಬಾಗಿ ಆ ಹಾಳಿಮ್ಯಾಲೆ ಅಂಗೈ ಇಟ್ಟಳು.

"ಸಾಕವ್ವಾ," ಅಂದ್ಳು. "ಈ ಸಲ ಬ್ಯಾಡ. ಅಂವ ಈಗ ತನ್ನ ಮನ್ಯಾಗ ಅದಾನ."